ಸನದಿ ಹೊಲ ಮತ್ತು ಕಿತ್ತೂರಿನ ಸಿಪಾಯಿಗಳು

ಹೋದ ಭಾನುವಾರ ಬೆಳಿಗ್ಗೆ ಗ್ಯಾಲರಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದೆ. ಊರಿನಿಂದ ತಮ್ಮನ ಫೋನು ಬಂತು. ಆರಾಮ ಅದೀಯೇನು, ಮಳಿ ಐತೇನು ಎಂಬ ಮಾತೆಲ್ಲ ಎರಡೇ ನಿಮಿಷದಲ್ಲಿ ಮುಗಿಸಿ ವಿಷಯಕ್ಕೆ ಬಂದ. "ಅಣ್ಣಾ, ಸನದಿ ಹೊಲಕ್ಕ ಗಿರಾಕಿ ಬಂದಾನ. ರೇಟ್ ಚೊಲೋ ಐತಿ. ನೀ ಬಂದು ಸಹಿ ಮಾಡಿದ್ರ ಮುಗೀತು."

ಆಗಲಿ ನೋಡೋಣ ಅಂದು ಫೋನ್ ಇಟ್ಟೆ. ಚಹಾ ಆರಿಹೋಗಿತ್ತು.

ನಮ್ಮದು ಬೈಲಹೊಂಗಲದಿಂದ ಆಚೆ, ಮಲಪ್ರಭೆಯ ಕಡೆಗಿರುವ ಒಂದು ಸಣ್ಣ ಹಳ್ಳಿ. 1981ರಲ್ಲಿ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ತಗೊಂಡು ಬೆಳಗಾವಿಯಿಂದ ಬಸ್ಸಿನಲ್ಲಿ ಮೀರಜಿಗೆ ಬಂದು, ಅಲ್ಲಿಂದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹಿಡಿದು ಕಲ್ಯಾಣದಲ್ಲಿ ಇಳಿದವನು ನಾನು. ಇಳಿದವನು ಇಲ್ಲೇ ಉಳಿದೆ. ಮೊದಲು ಕಲ್ಯಾಣದ ಒಂದು ಚಾಳಿನಲ್ಲಿ ನಾಲ್ಕು ಜನ ಕೂಡಿ ಒಂದು ಖೋಲಿ, ಆಮೇಲೆ ಡೊಂಬಿವಲಿ ಪೂರ್ವದಲ್ಲಿ ಒನ್ ರೂಮ್ ಕಿಚನ್, ಈಗ ಅಲ್ಲೇ ಹತ್ತಿರದಲ್ಲಿ ಮಗನ ಜೊತೆ. ಕೆಲಸ ಠಾಣೆಯ ವಾಗಳೆ ಎಸ್ಟೇಟಿನ ಒಂದು ಫ್ಯಾಕ್ಟರಿಯಲ್ಲಿ. ಲೇಥ್ ಮುಂದೆ ನಿಂತು ಶುರು ಮಾಡಿದ್ದು, ಸೂಪರ್‌ವೈಸರ್ ಆಗಿ ಮುಗಿಸಿದ್ದು. ನಿಮ್ಮಲ್ಲಿ ಬಹಳ ಜನರ ಕಥೆಯೂ ಇದೇ ಇರಬೇಕು, ಊರಿನ ಹೆಸರು ಮಾತ್ರ ಬೇರೆ.

ಈ ನಲವತ್ತು ವರ್ಷದಲ್ಲಿ ಊರಿನದು ಅಂತ ನನ್ನ ಹತ್ತಿರ ಉಳಿದದ್ದು ಎರಡು. ಒಂದು ಭಾಷೆ. ಅದೂ ಈಗ ಮರಾಠಿ ಕಲಬೆರಕೆ ಆಗಿದೆ ಅನ್ನಿ. ಇನ್ನೊಂದು ಸನದಿ ಹೊಲ. ಎರಡು ಎಕರೆ ಚಿಲ್ಲರೆ, ಕರಿ ಭೂಮಿ. ಅದನ್ನು ನಾನು ಉಳಲಿಲ್ಲ, ಬಿತ್ತಲಿಲ್ಲ. ವರ್ಷಕ್ಕೊಮ್ಮೆ ಅರ್ಧ ಚೀಲ ಜೋಳ, ಒಂದಿಷ್ಟು ಕಡಲೆ ಬರುತ್ತಿತ್ತು, ಅಷ್ಟೇ. ಆದರೂ ಯಾರಾದರೂ "ನಿಮ್ಮದು ಯಾವೂರು?" ಎಂದು ಕೇಳಿದರೆ ಮನಸ್ಸಿನಲ್ಲಿ ಮೊದಲು ಮೂಡುವುದು ಆ ಹೊಲದ ಬದುವಿನ ಮೇಲಿನ ಬನ್ನಿ ಗಿಡ.

ಅಪ್ಪ ಹೇಳುತ್ತಿದ್ದ ಕಥೆ ಹೀಗಿತ್ತು. ನಮ್ಮ ಮುತ್ತಜ್ಜನ ಅಜ್ಜನೋ ಅವರ ಅಪ್ಪನೋ ಕಿತ್ತೂರ ಸಂಸ್ಥಾನದಲ್ಲಿ ಸನದಿ ಆಗಿದ್ದ. ಚೆನ್ನಮ್ಮನ ಕಾಳಗದಲ್ಲಿ ಕೋಟೆ ಕಾದಿದ್ದ. ಅದಕ್ಕೇ ಈ ಹೊಲ. ಮಳೆಗಾಲದ ರಾತ್ರಿ ಚಿಮಣಿ ಬೆಳಕಿನಲ್ಲಿ ಅಪ್ಪ ಇದನ್ನು ಹೇಳುವಾಗ ನಾವಿಬ್ಬರೂ ಅಣ್ಣ ತಮ್ಮ ಕಣ್ಣು ಪಿಳುಕಿಸದೆ ಕೇಳುತ್ತಿದ್ದೆವು. ಮರುದಿನ ಬದುವಿನ ಮೇಲೆ ಜೋಳದ ದಂಟು ಹಿಡಿದು ಯುದ್ಧ. ನಾನು ಯಾವಾಗಲೂ ಅಮಟೂರ ಬಾಳಪ್ಪ. ತಮ್ಮ ಸಣ್ಣವನಲ್ಲವೇ, ಅವನಿಗೆ ಯಾವಾಗಲೂ ಥ್ಯಾಕರೆ ಪಾರ್ಟು!

ಕಿತ್ತೂರಿನ ಕಥೆ ನಮಗೆಲ್ಲ ಗೊತ್ತು ಅಂದುಕೊಂಡಿರುತ್ತೇವೆ. ಬಿ. ಆರ್. ಪಂತುಲು ಅವರ 1961ರ ಸಿನಿಮಾದಲ್ಲಿ ಸರೋಜಾದೇವಿಯವರನ್ನು ನೋಡಿದ್ದೇವೆ, ಬಾಲ್ಯದಲ್ಲಿ ಸಾಲೆಯ ಗ್ಯಾದರಿಂಗಿನಲ್ಲಿ ನಾಟಕ ಆಡಿದ್ದೇವೆ. ಆದರೆ ಅದರಲ್ಲಿ ರಾಣಿ ಕಾಣುತ್ತಾಳೆ, ಸಿಪಾಯಿ ಕಾಣುವುದಿಲ್ಲ. ನಾಟಕದಲ್ಲಿ ಅವನು ಈಟಿ ಹಿಡಿದು ಪರದೆಯ ಪಕ್ಕದಲ್ಲಿ ನಿಂತಿರುತ್ತಾನೆ. ಮಾತೇ ಇರುವುದಿಲ್ಲ.

ಸುಮ್ಮನೆ ನೆನಪಿಗಾಗಿ ಒಂದೆರಡು ಸಂಗತಿ. ಮಲ್ಲಸರ್ಜ ದೇಸಾಯಿ ತೀರಿಕೊಂಡದ್ದು 1816ರಲ್ಲಿ. ಅವನ ಮಗ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರಿನಲ್ಲಿ ಮಕ್ಕಳಿಲ್ಲದೆ ತೀರಿಕೊಂಡ. ದತ್ತು ತಗೊಂಡದ್ದನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಈ ಥ್ಯಾಕರೆ, ಇಂಗ್ಲಿಷ್ ಕಾದಂಬರಿಕಾರ ಥ್ಯಾಕರೆಯ ಚಿಕ್ಕಪ್ಪ. ಚೆನ್ನಮ್ಮ ಪುಣೆಯ ಕಮಿಷನರ್ ಚಾಪ್ಲಿನ್‌ಗೆ, ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್‌ಗೆ ಪತ್ರ ಬರೆದಳು. ಅಂದರೆ ನೋಡಿ, ನಮ್ಮ ಊರಿನ ಹಣೆಬರಹ ಆಗಲೇ ಮುಂಬಯಿಯ ಟೇಬಲ್ಲಿನ ಮೇಲೆ ಇತ್ತು! ನಾನು ಬಹಳ ವರ್ಷ ಎಲ್ಫಿನ್‌ಸ್ಟನ್ ರೋಡ್ ಸ್ಟೇಶನ್ ಈ ಗವರ್ನರನದೇ ಅಂದುಕೊಂಡು, ಅಲ್ಲಿ ಇಳಿಯುವಾಗಲೆಲ್ಲ ಒಳಗೊಳಗೇ ಸಿಟ್ಟು ಮಾಡಿಕೊಳ್ಳುತ್ತಿದ್ದೆ. ಆಮೇಲೆ ಗೊತ್ತಾಯಿತು, ಅದು ಅವನ ಅಣ್ಣನ ಮಗನ ಹೆಸರಂತೆ, 1850ರ ದಶಕದ ಗವರ್ನರ್. ಸಿಟ್ಟೆಲ್ಲ ದಂಡ. 2018ರಲ್ಲಿ ಆ ಸ್ಟೇಶನ್ ಪ್ರಭಾದೇವಿ ಆಯಿತು, ಆ ಲೆಕ್ಕವೂ ಮುಗಿಯಿತು.

ಥ್ಯಾಕರೆ ತೋಪುದಳ ತಗೊಂಡು ಕಿತ್ತೂರಿಗೆ ಬಂದ. ಖಜಾನೆಗೆ ತನ್ನ ಪಹರೆ ಹಾಕಿಸಿದ. 1824ರ ಅಕ್ಟೋಬರ್ 23ರ ಬೆಳಿಗ್ಗೆ ಕೋಟೆಯ ಬಾಗಿಲು ಒಳಗಿನಿಂದ ಮುಚ್ಚಿತ್ತು. ತೆಗೆಯದಿದ್ದರೆ ತೋಪಿನಿಂದ ಒಡೆಯುತ್ತೇವೆ ಎಂದು ಗಡುವು ಕೊಟ್ಟ. ಬಾಗಿಲು ತೆರೆಯಿತು, ಆದರೆ ಅವನು ಅಂದುಕೊಂಡಂತೆ ಅಲ್ಲ. ಒಳಗಿದ್ದವರು ಒಮ್ಮೆಲೇ ಹೊರಗೆ ನುಗ್ಗಿದರು. ಥ್ಯಾಕರೆ ಸತ್ತ. ಗುಂಡು ಹೊಡೆದವನು ಅಮಟೂರ ಬಾಳಪ್ಪ ಎಂದು ನಮ್ಮ ನಾಡು ನೆನಪಿಟ್ಟುಕೊಂಡಿದೆ. ಬ್ಲ್ಯಾಕ್, ಸೀವೆಲ್, ಡೈಟನ್ ಎಂಬ ಅಧಿಕಾರಿಗಳೂ ಹೋದರು. ಸ್ಟೀವನ್‌ಸನ್ ಮತ್ತು ಎಲಿಯಟ್ ಎಂಬ ಇಬ್ಬರು ಸೆರೆಸಿಕ್ಕರು.

ಈ ಎಲಿಯಟ್ ವಿಷಯ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ವಾಲ್ಟರ್ ಎಲಿಯಟ್, ಆಗ ಇಪ್ಪತ್ತೊಂದು ವರ್ಷದ ಹುಡುಗ. ಸುಮಾರು ಆರು ವಾರ ಕಿತ್ತೂರಿನವರ ಕೈಯಲ್ಲಿದ್ದ. ಅವರು ಅವನ ಕೂದಲೂ ಕೊಂಕಿಸಲಿಲ್ಲ. ಮುಂದೆ ಇದೇ ಮನುಷ್ಯ ನಮ್ಮ ಭಾಗದ ಹಳ್ಳಿ ಹಳ್ಳಿಗಳ ಕನ್ನಡ ಶಾಸನಗಳ ನಕಲು ಮಾಡಿಸಿ, ಚಾಲುಕ್ಯರ ಇತಿಹಾಸ ಹೊರಗೆ ಬರಲು ಕಾರಣನಾದ. ಅವತ್ತು ಕೋಟೆಯ ಬಾಗಿಲಲ್ಲಿ ಯಾರೋ ಒಬ್ಬ ಹೆಸರಿಲ್ಲದ ಸಿಪಾಯಿ ಕತ್ತಿ ಬೀಸದೆ ಕೈ ಹಿಡಿದದ್ದರಿಂದ ಉಳಿದ ಜೀವ ಅದು.

ಆ ಬಾಗಿಲಿನಿಂದ ನುಗ್ಗಿದವರು ಯಾರು? ಸಂಬಳದ ಸೈನ್ಯ ಬಹಳ ಇರಲಿಲ್ಲ. ಹೆಚ್ಚಿನವರು ಸನದಿಗಳು. ನಮ್ಮ ಕಡೆ ಶೇತಸನದಿ ಅನ್ನುತ್ತಾರೆ. ಹೊಲ ಕೊಡುವುದು, ಅದರ ಬದಲು ಚಾಕರಿ. ಮಳೆಗಾಲದಲ್ಲಿ ಕೂರಿಗೆ, ಸುಗ್ಗಿಯಲ್ಲಿ ಕುಡಗೋಲು, ಕರೆ ಬಂದರೆ ಕತ್ತಿ ಬಂದೂಕು. ಊರ ಕಾವಲು, ಕೋಟೆಯ ಪಹರೆ, ದೇಸಾಯಿಯ ಟಪಾಲು, ಎಲ್ಲ ಅವರದೇ. ಯುದ್ಧದಲ್ಲಿ ರಕ್ತ ಸುರಿಸಿದವನ ಮನೆತನಕ್ಕೆ ಕೊಡುವ ಹೊಲಕ್ಕೆ ರಕ್ತಮಾನ್ಯ ಎಂಬ ಹೆಸರು. ಸಂಗೊಳ್ಳಿ ರಾಯಣ್ಣನ ಮನೆತನಕ್ಕೂ ಅಂಥದೊಂದು ಹೊಲ ಇತ್ತು. ಅಂದಮೇಲೆ ದತ್ತು ಒಪ್ಪುವುದಿಲ್ಲ ಎಂದು ಕಂಪನಿ ಹೇಳಿದಾಗ ಅದು ಅರಮನೆಯ ಒಳಗಿನ ಮಾತಾಗಿ ಉಳಿಯಲಿಲ್ಲ. ಸಂಸ್ಥಾನ ಹೋದರೆ ಸನದು ಹೋಯಿತು, ಸನದು ಹೋದರೆ ಹೊಲ ಹೋಯಿತು. ಸೈದನಸಾಹೇಬನೂ ಗುರುಸಿದ್ದಪ್ಪನೂ ಬಾಳಪ್ಪನೂ ಒಂದೇ ಸಾಲಿನಲ್ಲಿ ನಿಂತದ್ದು ರಾಣಿಯ ಮೇಲಿನ ನಿಷ್ಠೆಗೆ ಹೌದು. ಹಿಂದೆ ನಿಂತ ನೂರಾರು ಜನರಿಗೆ ನಿಷ್ಠೆಯ ಜೊತೆ ಮನೆಯಲ್ಲಿ ನಾಳೆ ರೊಟ್ಟಿಗೆ ಏನು ಎಂಬ ಪ್ರಶ್ನೆಯೂ ಇತ್ತು. ಇದನ್ನು ಹೇಳಿದರೆ ಅವರ ಶೌರ್ಯ ಕಡಿಮೆ ಆಗುತ್ತದೆ ಅಂತ ನನಗೆ ಅನಿಸುವುದಿಲ್ಲ.

ಡಿಸೆಂಬರಿನಲ್ಲಿ ಕಂಪನಿ ದೊಡ್ಡ ಸೈನ್ಯ ತಂದಿತು. ಸೊಲ್ಲಾಪುರದ ಸಬ್ ಕಲೆಕ್ಟರ್ ಮನ್ರೋ ಆ ಕಾಳಗದಲ್ಲಿ ಸತ್ತ. ಆದರೂ ಡಿಸೆಂಬರ್ 5ಕ್ಕೆ ಕೋಟೆ ಬಿತ್ತು. ಮದ್ದಿನಲ್ಲಿ ಸೆಗಣಿ ಕಲಸಿದರು ಎಂದು ನಮ್ಮ ಕಡೆ ಇವತ್ತಿಗೂ ಹೇಳುತ್ತಾರೆ. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರುವರಿಯಲ್ಲಿ ತೀರಿಕೊಂಡಳು. ಇನ್ನೊಂದು ಮಾತು, ಆ ದೊಡ್ಡ ಸೈನ್ಯದಲ್ಲಿ ಬಿಳಿಯರು ಎಷ್ಟು ಜನ? ಬಹಳ ಮಂದಿ ಮದ್ರಾಸು ಮುಂಬಯಿ ಕಡೆಯ ನಮ್ಮಂಥವರೇ, ತಿಂಗಳ ಪಗಾರಿಗೆ ಬಂದವರು.

ಪಗಾರಿಗೆ ಬಂದವರ ಬಗ್ಗೆ ನಾನು ಏನು ಮಾತಾಡಲಿ? ನಾನೂ ಪಗಾರಿಗೇ ಊರು ಬಿಟ್ಟವನು.

ರಾಯಣ್ಣ ಎದ್ದದ್ದು ಇದೆಲ್ಲ ಮುಗಿಯಿತು ಎಂದು ಕಂಪನಿ ನಿಶ್ಚಿಂತೆಯಿಂದ ಇದ್ದಾಗ. 1829-30ರ ಹೊತ್ತಿಗೆ ಹೊಲಗಳ ಮೇಲೆ ಹೊಸ ಕಂದಾಯ ಬಿದ್ದಿತ್ತು, ಮಾನ್ಯಗಳು ಹೋಗುತ್ತಿದ್ದವು. ಅವನ ಜೊತೆ ಹೊರಟವರು ಮತ್ತೆ ಅವರೇ, ಹೊಲ ಕಳೆದುಕೊಂಡ ಸನದಿಗಳು, ಕುರುಬರು, ಬೇಡರು, ಕಾಡಿನ ಕಡೆಯ ಸಿದ್ದಿಗಳು. ಬಿಚ್ಚುಗತ್ತಿ ಚೆನ್ನಬಸಪ್ಪ, ಗಜವೀರ, ಹೀಗೆ ಹೆಸರು ಉಳಿದವರು ಕೆಲವರು. ಅವರು ಬೀಡಿಯ ಕಚೇರಿಗೆ ಬೆಂಕಿ ಇಟ್ಟರು, ಬೇರೆ ಕಚೇರಿಗಳ ದಫ್ತರ ಸುಟ್ಟರು. ಚಿಕ್ಕವನಿದ್ದಾಗ ನನಗೆ ಇದು ಅರ್ಥ ಆಗುತ್ತಿರಲಿಲ್ಲ. ಕಾಗದ ಸುಡುವುದು ಎಂಥ ಯುದ್ಧ? ಡೊಂಬಿವಲಿಯಲ್ಲಿ ಒಂದು ಫ್ಲ್ಯಾಟಿನ ಕಾಗದಕ್ಕಾಗಿ ಬಿಲ್ಡರ್ ಹಿಂದೆ, ಆಫೀಸುಗಳ ಹಿಂದೆ ಆರು ವರ್ಷ ತಿರುಗಿದ ಮೇಲೆ ಚೆನ್ನಾಗಿ ಅರ್ಥ ಆಯಿತು!

1830ರ ಏಪ್ರಿಲಿನಲ್ಲಿ ರಾಯಣ್ಣ ಹಳ್ಳದಲ್ಲಿ ಸ್ನಾನಕ್ಕೆ ಇಳಿದಾಗ ಅವನನ್ನು ಹಿಡಿದುಕೊಟ್ಟವರು ನಮ್ಮವರೇ. 1831ರ ಜನವರಿ 26ರಂದು ನಂದಗಡದ ಹತ್ತಿರ ಗಲ್ಲಿಗೆ ಹಾಕಿದರು. ಅವನ ಸಮಾಧಿಯ ಮೇಲಿನ ಆಲದ ಮರಕ್ಕೆ ಮಕ್ಕಳಾಗದ ಹೆಣ್ಣುಮಕ್ಕಳು ಇವತ್ತಿಗೂ ತೊಟ್ಟಿಲು ಕಟ್ಟುತ್ತಾರೆ. ನಮ್ಮವ್ವನೂ ಕಟ್ಟಿದ್ದಳಂತೆ. ಆಮೇಲೆ ಹುಟ್ಟಿದವನು ನಾನು.

ಇಂಥ ಕಥೆ ನಮ್ಮ ಕಡೆ ಮಾತ್ರ ಇದೆ ಎಂಬ ಜಂಬ ನನಗೆ ಇತ್ತು. ಠಾಣೆಯಲ್ಲಿ ಇಳಿದಿತು. ಕೋರ್ಟ್ ನಾಕಾದ ಹತ್ತಿರದ ಜೈಲು ನೀವೂ ನೋಡಿರಬೇಕು, ಪೋರ್ಚುಗೀಸರು ಶುರು ಮಾಡಿದ ಕೋಟೆ ಅದು. ಯಾವುದೋ ಕೆಲಸಕ್ಕೆ ಆ ಕಡೆ ಹೋದಾಗ ನನ್ನ ಜೊತೆಗಿದ್ದ ಅಕೋಲೆ ಕಡೆಯ ಫಿಟ್ಟರ್ ಒಬ್ಬ ಚಪ್ಪಲಿ ಬಿಟ್ಟು ಆ ಗೋಡೆಗೆ ಕೈ ಮುಗಿದ. ಯಾಕೋ ಅಂದರೆ, "ಆಮ್ಚಾ ರಾಘೋಜಿ ಇಥೇಚ್" ಅಂದ. ರಾಘೋಜಿ ಭಾಂಗ್ರೆ, ಮಹಾದೇವ ಕೋಳಿ ಜನಾಂಗದವನು. ಸಾವುಕಾರರ ಮೇಲೆ, ಕಂಪನಿಯ ಮೇಲೆ ಎದ್ದವನನ್ನು 1848ರ ಮೇ 2ರಂದು ಆ ಜೈಲಿನಲ್ಲೇ ಗಲ್ಲಿಗೆ ಹಾಕಿದ್ದರು. ಹತ್ತು ವರ್ಷದಿಂದ ಆ ರಸ್ತೆಯಲ್ಲಿ ಓಡಾಡಿದವನು ನಾನು, ಗೊತ್ತೇ ಇರಲಿಲ್ಲ. ಅವತ್ತು ವಾಪಸ್ ಬರುವಾಗ ಲೋಕಲ್ಲಿನಲ್ಲಿ ಅವನಿಗೆ ರಾಯಣ್ಣನ ಕಥೆ ಹೇಳಿದೆ. ಪಾರಸಿಕ್ ಬೋಗದಾ ಒಳಗೆ ಗಾಡಿಯ ಸದ್ದಿಗೆ ಮಾತು ಕೇಳುತ್ತಿರಲಿಲ್ಲ, ಅವನು "ಪುಢೇ ಕಾಯ್ ಝಾಲಂ?" ಎಂದು ಕಿವಿ ಹತ್ತಿರ ತಂದು ಕೇಳಿದ.

ಮಗಳ ಮನೆ ನವಿ ಮುಂಬಯಿಯ ಕಾಮೋಠೆಯಲ್ಲಿ. ಅಲ್ಲಿಂದ ಪನವೇಲ್ ಪಕ್ಕದಲ್ಲೇ. ಪನವೇಲಿನ ನಾಟ್ಯಗೃಹಕ್ಕೆ ವಾಸುದೇವ ಬಳವಂತ ಫಡಕೆ ಹೆಸರು. ಫಡಕೆ ಹುಟ್ಟಿದ್ದು ಅಲ್ಲೇ ಹತ್ತಿರದ ಶಿರಢೋಣದಲ್ಲಿ, 1845ರಲ್ಲಿ. ಪುಣೆಯಲ್ಲಿ ಮಿಲಿಟರಿ ಲೆಕ್ಕಪತ್ರದ ಕಚೇರಿಯಲ್ಲಿ ಕಾರಕೂನ. 1879ರಲ್ಲಿ ರಾಮೋಶಿ, ಕೋಳಿ, ಧನಗರ ಜನರನ್ನು ಕೂಡಿಸಿಕೊಂಡು ಸರಕಾರದ ವಿರುದ್ಧ ನಿಂತ. ಅವನು ಸಿಕ್ಕಿಬಿದ್ದದ್ದು ಎಲ್ಲಿ ಗೊತ್ತೇ? ನಮ್ಮ ವಿಜಾಪುರದ ಕಡೆಯ ದೇವರ ನಾವದಗಿಯಲ್ಲಿ, ಅದೇ ವರ್ಷ ಜುಲೈನಲ್ಲಿ, ಜ್ವರದಲ್ಲಿ ಬಳಲಿ ಮಲಗಿದ್ದಾಗ. ಅವನನ್ನು ಏಡನ್‌ಗೆ ಸಾಗಿಸಿದರು, 1883ರಲ್ಲಿ ಅಲ್ಲೇ ತೀರಿಕೊಂಡ. ಅವರ ಊರಿನವನು ನಮ್ಮ ಊರಲ್ಲಿ ಹಿಡಿಸಿಕೊಂಡ, ನಮ್ಮ ಊರಿನವನು ಅವರ ಊರಲ್ಲಿ ಪಗಾರ ಎಣಿಸಿದೆ. ಗಡಿಯ ಗಲಾಟೆ ಎದ್ದು ಬಸ್ಸುಗಳಿಗೆ ಮಸಿ ಬಳಿದಾಗಲೆಲ್ಲ ನನಗೆ ಇವರಿಬ್ಬರ ನೆನಪಾಗುತ್ತದೆ. ಮೊದಲ ಸ್ವಾತಂತ್ರ್ಯ ಯುದ್ಧ ಯಾವುದು, ಕಿತ್ತೂರೋ 1857ರದೋ, ಇನ್ನೂ ಹಿಂದಿನ ವೆಲ್ಲೂರೋ, ಧೋಂಡಿಯಾ ವಾಘನದೋ ಎಂದು ವಾದ ಮಾಡುವವರು ಮಾಡಲಿ. ನನಗೆ ಆ ಚಪಲ ಇಲ್ಲ.

ಈಗ ಹೊಲದ ಮಾತಿಗೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿ ಬಳಸಿ ಬಂದದ್ದು ಇದನ್ನು ಹೇಳಲು ಸ್ವಲ್ಪ ಸಂಕೋಚ ಆಗಿದ್ದಕ್ಕೆ.

2024ರಲ್ಲಿ ಕಿತ್ತೂರು ಕಾಳಗಕ್ಕೆ 200 ವರ್ಷ. ಇಲ್ಲಿನ ನಮ್ಮ ಕನ್ನಡ ಮಂದಿಯ ಒಂದು ಕಾರ್ಯಕ್ರಮದಲ್ಲಿ ನನ್ನ ಮೊಮ್ಮಗಳು ಭಾಷಣ ಮಾಡಬೇಕಿತ್ತು. "ಅಜ್ಜಾ, ನಮ್ಮ ಮುತ್ತಜ್ಜನ ಕಥೆ ಹೇಳಲಿ?" ಅಂದಳು. ನನಗೆ ಬಹಳ ಹೆಮ್ಮೆ ಆಯಿತು. ಕಥೆ ತಪ್ಪಿಲ್ಲದೆ ಇರಲಿ ಎಂದು ಪುಸ್ತಕಗಳನ್ನು ಹುಡುಕಿದೆ. ಸದಾಶಿವ ಒಡೆಯರು ಚೆನ್ನಮ್ಮನ ಮೇಲೆ ಬರೆದದ್ದು ಓದಿದೆ. ಮಗ ಕಂಪ್ಯೂಟರಿನಲ್ಲಿ 1884ರ ಬೆಳಗಾವಿ ಗೆಜೆಟಿಯರ್ ತೆಗೆದುಕೊಟ್ಟ. ಆಮೇಲೆ ಊರಿಗೆ ಹೋದಾಗ ಅಪ್ಪನ ಟ್ರಂಕಿನಲ್ಲಿದ್ದ ಕಾಗದಗಳನ್ನೂ ಬಿಚ್ಚಿ ನೋಡಿದೆ.

ಓದುತ್ತಾ ಹೋದಂತೆ ಒಂದು ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತಿತು. ಶೇತಸನದಿಗಳು ಕಿತ್ತೂರಿನ ಜೊತೆಗೆ ಮುಗಿದುಹೋಗಲಿಲ್ಲ. ಕಂಪನಿಯೂ, ಆಮೇಲೆ ಬ್ರಿಟಿಷ್ ಸರಕಾರವೂ ಅವರನ್ನು ಇಟ್ಟುಕೊಂಡಿತು. ಊರ ಪೊಲೀಸ್ ಪಾಟೀಲನ ಕೈಕೆಳಗೆ, ಕಾವಲಿಗೆ, ಕಳ್ಳರನ್ನು ಹಿಡಿಯಲು, ಖಜಾನೆಯ ಹಣ ಸಾಗಿಸಲು. ಅದಕ್ಕೂ ಹೊಲವೇ ಸಂಬಳ. ನಮ್ಮ ರಾಜ್ಯದಲ್ಲಿ 1961ರ ಗ್ರಾಮ ಹುದ್ದೆ ರದ್ದು ಮಾಡುವ ಕಾಯ್ದೆ ಬರುವ ತನಕ ಇಂಥ ಚಾಕರಿ ಹೊಲಗಳು ಇದ್ದವು. ಟ್ರಂಕಿನಲ್ಲಿ ಇದ್ದ ಕಾಗದವೂ ಆ ಕಾಯ್ದೆಯ ಕೆಳಗೆ ಹೊಲವನ್ನು ಅಜ್ಜನ ಹೆಸರಿಗೆ ತಿರುಗಿ ಕೊಟ್ಟದ್ದು. ಅದಕ್ಕೂ ಹಿಂದಿನದು ಒಂದೂ ಇಲ್ಲ.

ಈಗ ನೀವೇ ಲೆಕ್ಕ ಹಾಕಿ. ರಾಯಣ್ಣನ ಜೊತೆ ಹೋದವರು ಹೊಲ ಕಳೆದುಕೊಂಡರು. ನಮ್ಮ ಹೊಲ ನಮ್ಮ ಹತ್ತಿರವೇ ಉಳಿಯಿತು. ಹೇಗೆ ಉಳಿಯಿತು? ಮುತ್ತಜ್ಜನ ಅಜ್ಜ 1824ರಲ್ಲಿ ಕೋಟೆ ಕಾದಿರಬಹುದು. ಕೋಟೆ ಬಿದ್ದ ಮೇಲೆ ಕತ್ತಿ ಕೆಳಗಿಟ್ಟು ಹೊಸ ಧಣಿಗೆ ಸಲಾಮು ಹೊಡೆದಿರಬಹುದು. ರಾಯಣ್ಣನನ್ನು ಹುಡುಕಿಕೊಂಡು ಹೋದ ಕಾವಲಿನವರಲ್ಲಿ ಅವನೂ ಇದ್ದಿರಬಹುದು! ಅಥವಾ ಕಿತ್ತೂರಿಗೂ ನಮಗೂ ಸಂಬಂಧವೇ ಇಲ್ಲದೆ, ಆಮೇಲೆ ಯಾವನೋ ಮಾಮಲೇದಾರನ ಕಾಲದಲ್ಲಿ ಈ ಸನದು ಬಂದಿರಬಹುದು. ನನ್ನ ಅವ್ವ ರಾಯಣ್ಣನ ಮರಕ್ಕೆ ತೊಟ್ಟಿಲು ಕಟ್ಟಿದ್ದಳು ಅಂದೆನಲ್ಲ, ಆ ರಾತ್ರಿ ಅದು ನೆನಪಾಗಿ ನಿದ್ದೆ ಬರಲಿಲ್ಲ.

ತಮ್ಮನಿಗೆ ಹೇಳಿದೆ. ಅವನು ನಕ್ಕ. "ಅಣ್ಣಾ, ನೀ ಅಲ್ಲಿ ಕುಂತು ಇದನ್ನೆಲ್ಲ ಓದ್ತಿ. ನಾ ಇಲ್ಲಿ ನಲವತ್ತು ವರ್ಷ ಆ ಹೊಲ ಮಾಡೇನಿ. ಬೋರು ಬತ್ತೇತಿ. ಆಳು ಸಿಗೂದಿಲ್ಲ. ನನ್ನ ಮಗಾ ಪುಣೇದಾಗ ಅದಾನ. ಕಿತ್ತೂರವರು ಕೊಟ್ಟರೋ ಕುಂಪಣಿಯವರು ಕೊಟ್ಟರೋ, ಈಗ ಉಳಾವರು ಯಾರು ಹೇಳು?" ಉತ್ತರ ನನ್ನ ಹತ್ತಿರ ಇರಲಿಲ್ಲ. ಹುಡುಗಾಟದಲ್ಲಿ ಯಾವಾಗಲೂ ಅವನನ್ನೇ ಥ್ಯಾಕರೆ ಮಾಡಿದ್ದೆ. ಹೊಲದಲ್ಲಿ ನಿಂತು ಕಾದವನು ಕೊನೆಗೆ ಅವನೇ.

ಅದೇ ಸಲ, ಬಸ್ಸಿಗೆ ಇನ್ನೂ ಹೊತ್ತಿತ್ತೆಂದು ಕಿತ್ತೂರಿನಲ್ಲಿ ಇಳಿದೆ. ಅರಮನೆಯ ಮುರುಕು ಗೋಡೆ, ಧ್ರುವ ನಕ್ಷತ್ರ ನೋಡುವುದಕ್ಕೆಂದು ಮಾಡಿದ ತೂತು, ಪಕ್ಕದಲ್ಲಿ ವಸ್ತುಸಂಗ್ರಹಾಲಯ. ಅಲ್ಲಿಟ್ಟ ಕತ್ತಿಗಳಿಗೆ ಯಾರ ಹೆಸರೂ ಇರಲಿಲ್ಲ. ಒಂದು ಕತ್ತಿಯ ಹಿಡಿ ಬಹಳ ಸಣ್ಣದು, ನಮ್ಮಪ್ಪನ ಕೈ ಆಗಿದ್ದರೂ ಹಿಡಿಸುತ್ತಿರಲಿಲ್ಲ. ಕಾವಲಿನವನು "ಹೊತ್ತಾತ್ರಿ, ನಡೀರಿ" ಅನ್ನುವ ತನಕ ಅದರ ಮುಂದೆಯೇ ನಿಂತಿದ್ದೆ.

ಡೊಂಬಿವಲಿಗೆ ವಾಪಸ್ ಬಂದ ಮೇಲೆ ಮೊಮ್ಮಗಳಿಗೆ ಎಲ್ಲ ಹೇಳಿದೆ, ಬಿಟ್ಟೂ ಬಿಡದೆ. ಹೊಲ ಉಳಿದದ್ದರ ಲೆಕ್ಕವನ್ನೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚನೆ ಮಾಡಿ, "ಮಗ್ ಅಜ್ಜಾ, ನಾವು ಯಾರ ಕಡೆ ಇದ್ವಿ?" ಎಂದು ಕೇಳಿದಳು. ಗೊತ್ತಿಲ್ಲ ಪುಟ್ಟಿ ಅಂದೆ. ಭಾಷಣದಲ್ಲಿ ಮುತ್ತಜ್ಜನನ್ನು ಬಿಟ್ಟು ಅಮಟೂರ ಬಾಳಪ್ಪನ ಬಗ್ಗೆ, ವಾಲ್ಟರ್ ಎಲಿಯಟ್ ಬಗ್ಗೆ ಹೇಳಿದಳು. ಚಪ್ಪಾಳೆ ಬಂತು. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ.

ಸಹಿ ಮಾಡಲು ಬರುವ ತಿಂಗಳು ಹೋಗುತ್ತೇನೆ ಎಂದು ನಿನ್ನೆ ತಮ್ಮನಿಗೆ ಫೋನ್ ಮಾಡಿ ಹೇಳಿದೆ. ಕಲ್ಯಾಣದಿಂದ ಟಿಕೆಟ್ ಆಗಿದೆ, ಸ್ಲೀಪರ್, ಕೆಳಗಿನ ಬರ್ತ್. ಬನ್ನಿ ಗಿಡ ಕಡಿಯಬೇಡ ಎಂದು ಕೊಳ್ಳುವವನಿಗೆ ಒಂದು ಮಾತು ಕೇಳಿ ನೋಡು ಅಂದೆ. "ಕೇಳ್ತೀನಿ, ಅವಾ ಏನ್ ಅಂತಾನೋ" ಅಂದ ತಮ್ಮ.